ನಾಲ್ಕು ವೋಟು, ಒಂದು ಮನೆ, ಗಿರಣಿ ಗೋಡೆಗೆ ಅಂಟಿಸಿದ ಒಂದು ಪಟ್ಟಿ

ಇದು ನಮ್ಮ ದೊಡ್ಡವ್ವನ ಮನೆಯ ಕಥೆ. ಬಾಗಲಕೋಟೆ ಜಿಲ್ಲೆ, ಘಟಪ್ರಭಾ ದಂಡೆಯ ಊರು. ಊರಿನ ಹೆಸರು ಬರೆಯುವುದಿಲ್ಲ, ಜನರ ಹೆಸರೂ ಬರೆಯುವುದಿಲ್ಲ. ಯಾಕಂದರೆ ಇದರಲ್ಲಿ ಬರುವವರೆಲ್ಲ ಇವತ್ತಿಗೂ ಅದೇ ಊರಲ್ಲಿ ಅಕ್ಕಪಕ್ಕ ಬಾಳುವೆ ಮಾಡುತ್ತಿದ್ದಾರೆ, ಅದರಲ್ಲಿ ಅರ್ಧ ಜನ ನನ್ನ ಬಳಗದವರೇ. ನಾನು ತಾಲ್ಲೂಕು ಊರಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನಡೆಸುತ್ತೇನೆ. ದಿನಾ ಜನ ಆಧಾರ್, ಪಾಸ್‌ಬುಕ್, ಉತಾರ ಹಿಡಿದುಕೊಂಡು ಬರುತ್ತಾರೆ. ಯಾರ ಕೆಲಸ ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಅನ್ನೋದು ಅವರ ಮುಖ ನೋಡಿದರೆ ತಿಳಿಯುತ್ತದೆ.

ಭ್ರಷ್ಟಾಚಾರ ಅಂದಕೂಡಲೆ ನಾವು ಬೆಂಗಳೂರು, ದೆಹಲಿ, ಕೋಟಿಗಳ ಮಾತಾಡುತ್ತೇವೆ. ನನಗೆ ಒಂದೇ ಮನೆಯಲ್ಲಿ ದುಡ್ಡು ಹೇಗೆ ಬಂತು, ಹೇಗೆ ಹೋಯಿತು ಅಂತ ಮೊದಲಿಂದ ಕೊನೆತನಕ ಬರೆದಿಡಬೇಕು ಅನಿಸಿತು.

ನೀರು ಬಂದ ವರ್ಷ

2019ರ ಆಗಸ್ಟ್. ಮಹಾರಾಷ್ಟ್ರದ ಘಟ್ಟದಲ್ಲಿ, ಬೆಳಗಾವಿ ಕಡೆಯಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹಿಡಕಲ್ ಜಲಾಶಯದಿಂದ ನೀರು ಬಿಟ್ಟರು. ಗೋಕಾಕದೊಳಗೆ ನೀರು ಹೊಕ್ಕಿತು, ಮುಧೋಳ ಕಡೆಯ ದಂಡೆಯ ಊರುಗಳಿಗೆ ಹೊಕ್ಕಿತು, ಆ ಕಡೆ ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಬಂತು. ದೊಡ್ಡವ್ವನದು ಮಣ್ಣಿನ ಗೋಡೆ, ಮೇಲ್ಮುದ್ದೆ ಮಾಳಿಗೆಯ ಮನೆ. ಜೋಳದ ಚೀಲ, ಹಾಸಿಗೆ, ಹೊಲಿಗೆ ಮಷಿನ್ ಎಲ್ಲಾ ಬಿಟ್ಟು ಎಮ್ಮೆ ಒಂದನ್ನು ಹೊಡೆದುಕೊಂಡು ಶಾಲೆಯ ಗಂಜಿ ಕೇಂದ್ರಕ್ಕೆ ಹೋದರು. ಮೂರು ದಿನ ನೀರು ನಿಂತಿತ್ತು.

ಆಮೇಲೆ ತುರ್ತು ಪರಿಹಾರ 10,000 ರೂ. ಬಂತು. ಅದು ಬೇಗನೇ ಬಂತು, ಸುಳ್ಳು ಹೇಳಬಾರದು. ಪೂರ್ತಿ ಬಿದ್ದ ಮನೆಗೆ ಕೇಂದ್ರದ ವಿಪತ್ತು ಪರಿಹಾರದ ಲೆಕ್ಕದಲ್ಲಿ ಆಗ ಸಿಗುತ್ತಿದ್ದದ್ದು 95,100 ರೂ. ಮಾತ್ರ. ರಾಜ್ಯ ಸರ್ಕಾರ ಅದನ್ನು 5 ಲಕ್ಷಕ್ಕೆ ಏರಿಸಿತು. ತುಂಬಾ ಒಳ್ಳೆಯ ತೀರ್ಮಾನ ಅದು. ಎಷ್ಟೋ ಮನೆ ಅದರಿಂದ ಎದ್ದು ನಿಂತಿವೆ.

ಆದರೆ ಮನೆಗಳನ್ನು ಎ, ಬಿ, ಸಿ ಅಂತ ಮೂರು ಭಾಗ ಮಾಡಿದರು. ಮುಕ್ಕಾಲು ಪಾಲಿಗಿಂತ ಜಾಸ್ತಿ ಬಿದ್ದಿದ್ದರೆ ಎ, ಅದಕ್ಕೆ 5 ಲಕ್ಷ. ಸ್ವಲ್ಪ ಹಾನಿಯಾಗಿದ್ದರೆ ಸಿ, ಅದಕ್ಕೆ 50,000. ನಡುವಿನದು ಬಿ. ಮನೆಯ ಮುಂದೆ ನಿಂತು ಈ ಅಕ್ಷರ ಬರೆಯುವವರು ತಲಾಠಿ (ಗ್ರಾಮ ಲೆಕ್ಕಿಗ), ಪಿಡಿಒ, ಒಬ್ಬ ಎಂಜಿನಿಯರ್. ಒಂದು ಮನೆಗೆ ಹೆಚ್ಚೆಂದರೆ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಬರೆದ ಅಕ್ಷರದ ಮೇಲೆ ನಾಲ್ಕೂವರೆ ಲಕ್ಷದ ಫರಕು. ಇಂಥ ಜಾಗದಲ್ಲಿ ದುಡ್ಡು ಕೈ ಬದಲಾಗದೆ ಇರುತ್ತದೆಯೇ?

ದೊಡ್ಡವ್ವನ ಮನೆಗೆ ಸಿ ಬಿತ್ತು. ಅದರಲ್ಲಿ ಯಾರ ಮೋಸವೂ ಇರಲಿಲ್ಲ. ಮಣ್ಣಿನ ಗೋಡೆ ಎಷ್ಟೋ ಸಲ ನೀರು ಇದ್ದಾಗ ಬೀಳುವುದಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ಒಳಗಿನ ಹಸಿ ಆರುತ್ತಾ ಬಂದಂತೆ ಸೀಳು ಬಿಡುತ್ತದೆ. ಸರ್ವೆಗೆ ಬಂದ ದಿನ ನಾಲ್ಕೂ ಗೋಡೆ ನಿಂತಿದ್ದವು. ಅಕ್ಟೋಬರ್‌ನಲ್ಲಿ ಮತ್ತೆ ಮಳೆ ಬಂತಲ್ಲ, ಆಗ ಒಂದು ರಾತ್ರಿ ಬಡಗಣ ಗೋಡೆ ಕುಸಿಯಿತು, ಅದರ ಹಿಂದೆ ಮಾಳಿಗೆಯೂ ಕುಸಿಯಿತು. ಅರ್ಜಿ ಕೊಟ್ಟೆವು. ಮತ್ತೆ ಬಂದು ನೋಡಿದರು, ಎ ಆಯಿತು. ವರ್ಷ ಮುಗಿಯುವುದರೊಳಗೆ ಮೊದಲ ಕಂತು 1 ಲಕ್ಷ ಖಾತೆಗೆ ಬಂತು. 2020ರ ಫೆಬ್ರವರಿಯಲ್ಲಿ ಪಾಯಾ ತುಂಬಿದರು. ಮಾರ್ಚ್‌ನಲ್ಲಿ ಲಾಕ್‌ಡೌನ್. ಕೆಲಸ ನಿಂತಿತು.

ಉಳಿದ ಕಂತುಗಳು ಬರುವ ರೀತಿ ಹೀಗೆ. ಮನೆ ಒಂದೊಂದು ಹಂತ ಮುಗಿದಾಗ ಪಂಚಾಯಿತಿಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಇರುವ ಫೋಟೊ ತೆಗೆದು ಹಾಕಬೇಕು. ಪಾಯಾಕ್ಕೆ ಒಂದು, ಲಿಂಟಲ್‌ಗೆ ಒಂದು, ಸ್ಲ್ಯಾಬಿಗೆ ಒಂದು. ಫೋಟೊ ಮೇಲೆ ಹೋದರೆ ದುಡ್ಡು ನೇರ ಖಾತೆಗೆ. ನಡುವೆ ಯಾರೂ ಇಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ದುಡ್ಡಿನ ನಡುವೆ ಯಾರೂ ಇರಲಿಲ್ಲ, ನಿಜ. ಫೋಟೊ ನಡುವೆ ಇದ್ದರು.

ಚುನಾವಣೆ

2020ರ ಡಿಸೆಂಬರ್ 22 ಮತ್ತು 27ರಂದು ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ಆಯಿತು. ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ, ಇದು ಊರಿನವರೇ ಊರನ್ನು ನಡೆಸಿಕೊಳ್ಳಲಿ ಅಂತ ಮಾಡಿದ ವ್ಯವಸ್ಥೆ. ಎಂಬತ್ತರ ದಶಕದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ನಜೀರ್ ಸಾಬ್ ಅವರು ಓಡಾಡಿ ಕಟ್ಟಿದ್ದು, 1993ರಲ್ಲಿ 73ನೇ ತಿದ್ದುಪಡಿ ಜಾರಿಯಾದ ಮೇಲೆ ಸಂವಿಧಾನದಲ್ಲೇ ಸೇರಿದ್ದು. ನನಗೆ ಇದರ ಮೇಲೆ ಈಗಲೂ ನಂಬಿಕೆ ಇದೆ, ಅದಕ್ಕೇ ಹೊಟ್ಟೆ ಉರಿಯುವುದು.

ದೊಡ್ಡವ್ವನ ವಾರ್ಡಿನಲ್ಲಿ ನಿಂತವನು ನಮ್ಮವನೇ. ತೀರಿಕೊಂಡ ದೊಡ್ಡಪ್ಪನ ಕಾಕಾನ ಮಗ. ದೊಡ್ಡವ್ವನಿಗೆ ಅವನು ಮೈದುನ, ನನಗೆ ಕಾಕಾ. ಒಳ್ಳೆಯ ಮನುಷ್ಯ. ನೀರು ಬಂದಾಗ ಎದೆಮಟ್ಟ ನೀರಲ್ಲಿ ಇಳಿದು ಮುದುಕರನ್ನು ಹೊತ್ತು ತಂದವನು, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎದುರಾಳಿ ಒಂದು ವೋಟಿಗೆ 500 ಕೊಟ್ಟ. ಇವನು 1,000 ಕೊಡಬೇಕಾಯಿತು. ಕಬ್ಬಿನ ಬಿಲ್ಲು ಹೋಯಿತು, ಮೂರು ರೂಪಾಯಿ ಬಡ್ಡಿಯಲ್ಲಿ ಸಾಲ ಆಯಿತು. ಅವನೇ ಆಮೇಲೆ ಹೇಳಿದ ಲೆಕ್ಕ, ಐದು ಲಕ್ಷದ ಮೇಲೆ ಖರ್ಚು. ಗೆದ್ದ ಮೇಲೆ ಅಧ್ಯಕ್ಷರ ಆಯ್ಕೆ ಹೊತ್ತಿಗೆ ಸದಸ್ಯರನ್ನೆಲ್ಲ ಗಾಡಿ ಮಾಡಿ ಗೋವಾಕ್ಕೆ ಕರೆದುಕೊಂಡು ಹೋದರು, ಅದರ ಲೆಕ್ಕ ಬೇರೆ.

ಆಗ ಸದಸ್ಯರ ಗೌರವಧನ ತಿಂಗಳಿಗೆ 1,000 ರೂ. ಐದು ವರ್ಷಕ್ಕೆ 60,000. ಈ ಎರಡು ಅಂಕಿ ಅಕ್ಕಪಕ್ಕ ಇಟ್ಟು ನೋಡಿ. ಐದು ಲಕ್ಷ ಒಂದು ಕಡೆ, ಅರವತ್ತು ಸಾವಿರ ಇನ್ನೊಂದು ಕಡೆ. ಉಳಿದದ್ದು ಎಲ್ಲಿಂದ ಬರಬೇಕು? ಬೆಂಗಳೂರಿನಿಂದ ಬರುವುದಿಲ್ಲ. ಅದೇ ವಾರ್ಡಿನಿಂದ ಬರಬೇಕು.

ದೊಡ್ಡವ್ವನ ಮನೆಯಲ್ಲಿ ನಾಲ್ಕು ವೋಟು. ಆಕೆ, ಇಬ್ಬರು ಗಂಡುಮಕ್ಕಳು, ಸೊಸೆ. ಮಾದರಿ ಮತಪತ್ರದೊಳಗೆ ಮಡಚಿ ಐನೂರರ ಎಂಟು ನೋಟು ಕೊಟ್ಟು ಹೋದರು. ನಾಲ್ಕು ಸಾವಿರ. ಆಕೆ ಆ ದುಡ್ಡಲ್ಲಿ ತಗಡಿನ ಶೆಡ್ಡಿಗೆ ಬಾಗಿಲು ಮಾಡಿಸಿದಳು, ಚಳಿಗೆ ಮೊಮ್ಮಗಳು ಕೆಮ್ಮುತ್ತಿದ್ದಳು ಅಂತ.

ಮೊದಲ ಇಪ್ಪತ್ತು ಸಾವಿರ

2021ರ ಮಾರ್ಚ್. ಪಾಯಾ ತುಂಬಿ ವರ್ಷದ ಮೇಲಾಗಿತ್ತು. ಫೋಟೊ ತೆಗೆಯಲು ಯಾರೂ ಬರಲಿಲ್ಲ. ಇವತ್ತು ನೆಟ್‌ವರ್ಕ್ ಇಲ್ಲ, ನಾಳೆ ಸರ್ವರ್ ಡೌನ್, ಇನ್ನೊಂದು ದಿನ ಆಪರೇಟರ್ ರಜೆ. ಕೊನೆಗೆ ಕಾಕಾನೇ ಒಂದು ಸಂಜೆ ಶೆಡ್ಡಿಗೆ ಬಂದು, ಚಹಾ ಕುಡಿದು, ತಲೆ ತಗ್ಗಿಸಿಕೊಂಡು ಹೇಳಿದ.

"ವೈನಿ, ನಾ ಕೇಳಾಕತ್ತಿಲ್ಲ. ಮ್ಯಾಲಿನವ್ರು ಕೇಳ್ತಾರ. ಎಲ್ಲಾರ ಕಡೆ ಒಂದು ಕಂತಿಗೆ ಇಪ್ಪತ್ತೈದು ನಡದೈತಿ. ನೀವು ಮನಿಯವ್ರು, ಇಪ್ಪತ್ತು ಕೊಡ್ರಿ."

ನಾನು ಅಲ್ಲೇ ಇದ್ದೆ. ಸಿಟ್ಟು ಬಂದು ಏನೋ ಹೇಳಲು ಹೋದೆ. ದೊಡ್ಡವ್ವ ಕೈ ಹಿಡಿದು ಸುಮ್ಮನಿರಿಸಿದಳು. ಅವನು ಹೋದ ಮೇಲೆ ಆಕೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: "ಅಂವ ಕೊಟ್ಟಾನ, ನಾವ ತಗೊಂಡೇವಿ. ಈಗ ಯಾವ ಬಾಯಿಲೆ ಕೇಳೋದು ತಮ್ಮಾ?"

ಈ ಇಡೀ ಪ್ರಕರಣದ ಕೀಲಿ ಈ ಮಾತಿನಲ್ಲಿದೆ ಅಂತ ನನಗೆ ಅನಿಸುತ್ತದೆ. ವೋಟಿಗೆ ಕೊಟ್ಟ ದುಡ್ಡು ವೋಟು ಕೊಳ್ಳುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಅದು ಗ್ಯಾರಂಟಿ ಇಲ್ಲ, ಒಳಗೆ ಹೋಗಿ ಯಾರಿಗೆ ಒತ್ತಿದರು ಅಂತ ಯಾರಿಗೂ ಕಾಣುವುದಿಲ್ಲ, ಇಬ್ಬರ ಕಡೆಯೂ ತಗೊಂಡು ಮನಸ್ಸಿಗೆ ಬಂದವರಿಗೆ ಹಾಕಿದವರು ಬೇಕಾದಷ್ಟು ಜನ ಇದ್ದಾರೆ. ಆ ದುಡ್ಡು ಕೊಳ್ಳುವುದು ಬಾಯಿಯನ್ನು. ಮುಂದಿನ ಐದು ವರ್ಷ ಪ್ರಶ್ನೆ ಕೇಳುವ ಹಕ್ಕು ತನಗಿಲ್ಲ ಅಂತ ತಗೊಂಡವರೇ ನಂಬಿಬಿಡುತ್ತಾರೆ. ನಾಲ್ಕು ಸಾವಿರಕ್ಕೆ ನಮ್ಮ ದೊಡ್ಡವ್ವನ ಬಾಯಿ ಮುಚ್ಚಿತು, ಜೀವಮಾನದಲ್ಲಿ ಯಾರ ಹತ್ತಿರವೂ ಒಂದು ರೂಪಾಯಿ ಬಿಟ್ಟಿ ತಗೊಂಡವಳಲ್ಲ ಆಕೆ.

ಮರುದಿನ ಆಕೆ ಕೊರಳಿನ ಬಂಗಾರದ ಬೋರಮಾಳ ಬಿಚ್ಚಿ ಸೊಸೈಟಿಯಲ್ಲಿ ಒತ್ತೆ ಇಟ್ಟಳು. ಮೂರನೇ ದಿನಕ್ಕೆ ಫೋಟೊ ತೆಗೆದರು. ಇಪ್ಪತ್ತು ದಿನದಲ್ಲಿ ಕಂತು ಬಂತು.

ದೂರು ಕೊಡಬಹುದಿತ್ತಲ್ಲ ಅಂತ ಕೇಳುತ್ತೀರಿ. ನಾನೂ ಓದಿದೆ, ಬಾಗಲಕೋಟೆಯಲ್ಲಿ ಪರಿಚಯದ ವಕೀಲರನ್ನೂ ಕೇಳಿದೆ. ಭ್ರಷ್ಟಾಚಾರ ತಡೆ ಕಾಯ್ದೆ 1988ರದು, 2018ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಆಮೇಲೆ ಲಂಚ ಕೊಟ್ಟವರೂ ತಪ್ಪಿತಸ್ಥರು. ಒತ್ತಾಯಕ್ಕೆ ಕೊಟ್ಟಿದ್ದರೆ ರಕ್ಷಣೆ ಇದೆ, ಆದರೆ ಕೊಟ್ಟ ಏಳು ದಿನದೊಳಗೆ ಹೇಳಬೇಕು. ನನಗೆ ಇದು ಗೊತ್ತಾಗುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಹಳ್ಳಿಯ ಮುದುಕಿಗೆ ಏಳು ದಿನದ ನಿಯಮ ಯಾರು ಹೇಳಬೇಕು? ಮುಂದಿನ ಕಂತಿಗೆ ಟ್ರ್ಯಾಪ್ ಮಾಡಿಸಬಹುದು ಅಂತ ವಕೀಲರು ಹೇಳಿದರು. ಆಗ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ ಇತ್ತು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ನೋಟಿಗೆ ಪುಡಿ ಹಚ್ಚಿ ಕೊಡುತ್ತಾರೆ, ತಗೊಂಡವರ ಕೈ ತೊಳೆಸಿದರೆ ನೀರು ಗುಲಾಬಿ ಆಗುತ್ತದೆ. ದೊಡ್ಡವ್ವನಿಗೆ ಹೇಳಿದೆ. "ಯಾರ ಕೈಗೆ ಕೊಡೋದು? ಮೈದುನನ ಕೈಗೆ?" ಅಂದಳು. ಮುಂದೆ ಮಾತಿಲ್ಲ.

ನೂರೈವತ್ತು ಪದ

2021ರ ಮಳೆಗಾಲದ ಹೊತ್ತಿಗೆ ಗೋಡೆ ಲಿಂಟಲ್ ಮಟ್ಟಕ್ಕೆ ಬಂತು. ಮತ್ತೆ ಇಪ್ಪತ್ತು ಅಂದರು. ಈ ಸಲ ಒತ್ತೆ ಇಡಲು ಏನೂ ಇರಲಿಲ್ಲ. ಕಬ್ಬಿಣದ ಸರಳು ಆಕಾಶಕ್ಕೆ ಮುಖ ಮಾಡಿ ತುಕ್ಕು ಹಿಡಿಯತೊಡಗಿದವು.

ಸೆಪ್ಟೆಂಬರ್‌ನಲ್ಲಿ ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಲಂಚದ ಬಗ್ಗೆ ಒಂದು ಪದವನ್ನೂ ಬರೆಯಲಿಲ್ಲ. ಕೇಳಿದ್ದು ಇಷ್ಟೇ: ನಮ್ಮ ಪಂಚಾಯಿತಿಯಲ್ಲಿ 2019ರ ನೆರೆಯಲ್ಲಿ ಬಿದ್ದ ಮನೆಗಳ ಪಟ್ಟಿ, ಒಂದೊಂದು ಮನೆಗೆ ಯಾವ ಹಂತದ ಫೋಟೊ ಯಾವ ತಾರೀಕಿಗೆ ಹಾಕಿದರು, ಕಂತು ಯಾವ ತಾರೀಕಿಗೆ ಬಂತು. ಬರೀ ತಾರೀಕು. ಇದನ್ನು ಅಂಗಡಿಗೆ ಬರುವ ಎಲ್ಲರಿಗೂ ನಾನು ಹೇಳುತ್ತೇನೆ. ಮಾಹಿತಿ ಹಕ್ಕಿನಲ್ಲಿ 'ಯಾಕೆ' ಅಂತ ಕೇಳಬೇಡಿ, 'ಯಾವಾಗ' ಅಂತ ಕೇಳಿ. ಯಾಕೆ ಅಂತ ಕೇಳಿದರೆ ಅದು ಮಾಹಿತಿಯೇ ಅಲ್ಲ ಅಂತ ವಾಪಸ್ ಕಳಿಸಲು ದಾರಿ ಸಿಗುತ್ತದೆ. ತಾರೀಕು ಕೇಳಿದರೆ ತಾರೀಕು ಕೊಡಲೇಬೇಕು.

30 ದಿನ ಆಯಿತು, ಉತ್ತರ ಇಲ್ಲ. ಮೊದಲ ಮೇಲ್ಮನವಿ ಹಾಕಿದೆ. ಈ ನಡುವೆ ಒಂದು ಮದುವೆಯಲ್ಲಿ ಕಾಕಾ ಎದುರಾದ. ಮಾತಾಡಿಸಲಿಲ್ಲ. ಕಾಕು ಮಾತ್ರ ಹತ್ತಿರ ಬಂದು, "ಮನಿ ಮಾತು ಬೀದಿಗಿ ತಂದ್ಯಲ್ಲೋ" ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. 2022ರ ಜನವರಿಯಲ್ಲಿ ಕಾಗದ ಬಂತು.

ತಾರೀಕುಗಳು ಮಾತಾಡುತ್ತವೆ ಅಂತ ನನಗೆ ಗೊತ್ತಿತ್ತು, ಇಷ್ಟು ಸ್ಪಷ್ಟವಾಗಿ ಮಾತಾಡುತ್ತವೆ ಅಂತ ಗೊತ್ತಿರಲಿಲ್ಲ. ಕೆಲವು ಮನೆಗೆ ಪಾಯಾದಿಂದ ಸ್ಲ್ಯಾಬಿನ ತನಕ ನಾಲ್ಕೇ ತಿಂಗಳು. ಅದರ ಪಕ್ಕದ ಮನೆಗೆ ಒಂದೇ ಹಂತದಲ್ಲಿ ಹನ್ನೊಂದು ತಿಂಗಳು. ಮನೆಯೇ ಇಲ್ಲದ ಒಂದು ಜಾಗದ ಹೆಸರಿಗೆ ಎ ಇತ್ತು, ಅಲ್ಲಿ ನೀರು ಬಂದಾಗ ಇದ್ದದ್ದು ದನದ ಕೊಟ್ಟಿಗೆ.

ನಾನು ಅದನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ, ಎ3 ಹಾಳೆಯಲ್ಲಿ ತೆಗೆದು, ನಾಲ್ಕು ಹಾಳೆ ಜೋಡಿಸಿ ಹಿಟ್ಟಿನ ಗಿರಣಿಯ ಹೊರಗೋಡೆಗೆ ಅಂಟಿಸಿದೆ. ಖಾತೆ ನಂಬರು, ಆಧಾರ್ ಏನೂ ಹಾಕಲಿಲ್ಲ. ಹೆಸರು, ಅಕ್ಷರ, ತಾರೀಕು. ಗಿರಣಿ ಯಾಕೆ ಅಂದರೆ ಪಂಚಾಯಿತಿ ಬೋರ್ಡನ್ನು ಯಾರೂ ನೋಡುವುದಿಲ್ಲ, ಗಿರಣಿಗೆ ಎಲ್ಲರ ಮನೆಯವರೂ ಬರುತ್ತಾರೆ, ಜೋಳ ಬೀಸುವ ತನಕ ನಿಲ್ಲುತ್ತಾರೆ, ಓದು ಬಾರದವರಿಗೆ ಬಂದವರು ಓದಿ ಹೇಳುತ್ತಾರೆ.

ಎರಡನೇ ದಿನ ಸಂಜೆ ಹೋಗಿ ನೋಡುತ್ತೇನೆ, ಒಂದು ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಯಾರೋ '15' ಅಂತ ಬರೆದಿದ್ದರು. ಅದರ ಕೆಳಗೆ ಇನ್ನೊಬ್ಬರು '20'. ಮತ್ತೊಂದು ಕಡೆ '25+10'. ಬರವಣಿಗೆ ಬೇರೆ ಬೇರೆ. ಒಂದು ಮಕ್ಕಳ ಬರವಣಿಗೆ, ಅಂಕಿ ತಿರುಗಾಮುರುಗಾ ಆಗಿತ್ತು, ಅಜ್ಜಿ ಹೇಳಿ ಮೊಮ್ಮಗನ ಕೈಯಲ್ಲಿ ಬರೆಸಿರಬೇಕು. ನಾನು ಯಾರಿಗೂ ಬರೆಯಿರಿ ಅಂತ ಹೇಳಿರಲಿಲ್ಲ. ಹಿಟ್ಟಿನ ಧೂಳು ಬಿದ್ದ ಆ ಹಾಳೆಯ ಮುಂದೆ ನಿಂತಾಗ ಮೈ ಜುಮ್ಮೆಂದಿತು. ನಮ್ಮ ಊರಲ್ಲಿ ಇದು ಗುಟ್ಟೇ ಆಗಿರಲಿಲ್ಲ. ಯಾರು ಎಷ್ಟು ಕೊಟ್ಟರು ಅಂತ ಅವರವರ ಮನೆಯಲ್ಲಿ ಗೊತ್ತಿತ್ತು, ಪಕ್ಕದ ಮನೆಗೂ ಗೊತ್ತಿತ್ತು. ಒಂದೇ ಕಡೆ ಬರೆದಿರಲಿಲ್ಲ, ಅಷ್ಟೇ. ಬರೆದ ಮೇಲೆ ಅದು ಒಬ್ಬೊಬ್ಬರ ನಾಚಿಕೆಯಾಗಿ ಉಳಿಯಲಿಲ್ಲ, ಊರಿನ ಲೆಕ್ಕವಾಯಿತು.

ಮೂರನೇ ದಿನ ಬೆಳಿಗ್ಗೆ ಹಾಳೆ ಹರಿದಿತ್ತು. ಆದರೆ ಆ ಹೊತ್ತಿಗೆ ಹುಡುಗರ ಮೊಬೈಲುಗಳಲ್ಲಿ ಅದರ ಫೋಟೊ ಇತ್ತು.

ಗ್ರಾಮ ಸಭೆ

ಗ್ರಾಮ ಸಭೆ ಆರು ತಿಂಗಳಿಗೊಮ್ಮೆ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಬಹಳ ಸಲ ರಿಜಿಸ್ಟರ್ ಮನೆಮನೆಗೆ ಬರುತ್ತದೆ, ಸಹಿ ಹಾಕಿಸಿಕೊಂಡು ಹೋಗುತ್ತಾರೆ, ಸಭೆ ಮುಗಿಯಿತು. ಆ ಫೆಬ್ರವರಿಯಲ್ಲಿ ಮಾತ್ರ ಜನ ಬಂದರು. ಜಾಸ್ತಿ ಹೆಂಗಸರು. ಯಾರೂ ಭಾಷಣ ಮಾಡಲಿಲ್ಲ. ಒಬ್ಬ ಹುಡುಗಿ, ಡಿಗ್ರಿ ಓದುತ್ತಿದ್ದವಳು, ಎದ್ದು ನಿಂತು ಪಟ್ಟಿಯಲ್ಲಿ ಬಾಕಿ ಇರುವ ಹೆಸರು ಒಂದೊಂದೇ ಓದಿದಳು. ಪ್ರತಿ ಹೆಸರಿಗೆ ನಿಲ್ಲಿಸಿ, "ಇವ್ರ ಫೋಟೊ ಯಾವತ್ತ ತಗೀತೀರಿ, ತಾರೀಕು ಬರೀರಿ" ಅಂದಳು. ಇಷ್ಟೇ. ನಡಾವಳಿ ಪುಸ್ತಕದಲ್ಲಿ ತಾರೀಕು ಬರೆಯಬೇಕಾಯಿತು. ದೊಡ್ಡವ್ವನ ಹೆಸರು ಬಂದಾಗ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಕಾಕಾ ಎದುರುಗಡೆ ಕುರ್ಚಿಯಲ್ಲಿ ನೆಲ ನೋಡುತ್ತಾ ಕೂತಿದ್ದ.

ಒಂದು ವಾರದಲ್ಲಿ ಬಾಕಿ ಫೋಟೊ ಎಲ್ಲಾ ಹೋದವು. ಲಿಂಟಲ್ ಕಂತು ಬಂತು. ಸ್ಲ್ಯಾಬ್ ಹಾಕಿದ ಮೇಲೆ ಯಾರೂ ಏನೂ ಕೇಳಲಿಲ್ಲ. 2022 ಮುಗಿಯುವ ಹೊತ್ತಿಗೆ ಕೊನೆಯ ಕಂತೂ ಬಂತು.

ಕೊಟ್ಟ ಇಪ್ಪತ್ತು ಸಾವಿರ ಯಾರಿಗೂ ವಾಪಸ್ ಬರಲಿಲ್ಲ. ಕೆಲಸ ಹೋದದ್ದು ಒಬ್ಬರದೇ, ಗುತ್ತಿಗೆ ಮೇಲಿದ್ದ ಡೇಟಾ ಎಂಟ್ರಿ ಹುಡುಗ. ಇದು ನನ್ನನ್ನು ಈಗಲೂ ಕಾಡುತ್ತದೆ. ಅವನಿಗೆ ಹೋಗುತ್ತಿದ್ದದ್ದು ಐನೂರೋ ಸಾವಿರವೋ. ದನದ ಕೊಟ್ಟಿಗೆಗೆ ಎ ಬರೆದ ಕೈ ಯಾವುದು ಅಂತ ಯಾರೂ ವಿಚಾರಣೆ ಮಾಡಲಿಲ್ಲ.

ಬದಲಾಗಬೇಕಾದದ್ದು

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್, ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ದುಡ್ಡು ಕೊಡುವ ಚುನಾವಣಾ ಬಾಂಡ್ ರದ್ದು ಮಾಡಿತು. ಪಕ್ಷಕ್ಕೆ ದುಡ್ಡು ಯಾರು ಕೊಡುತ್ತಾರೆ ಅಂತ ತಿಳಿಯುವ ಹಕ್ಕು ಮತದಾರರಿಗಿದೆ ಅಂತ ಹೇಳಿತು. ಆ ದಿನ ಅಂಗಡಿಯಲ್ಲಿ ಟಿವಿ ನೋಡುತ್ತಾ ನನಗೆ ಗಿರಣಿಯ ಗೋಡೆಯೇ ನೆನಪಾಯಿತು. ಮೇಲೆ ದೊಡ್ಡ ಮಟ್ಟದಲ್ಲೂ ಕೆಳಗೆ ನಮ್ಮ ವಾರ್ಡಿನಲ್ಲೂ ಬೇಕಾದದ್ದು ಅದೇ, ಹೆಸರಿನ ಮುಂದೆ ಅಂಕಿ. ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, 2022ರಲ್ಲಿ 28 ಲಕ್ಷದಿಂದ ಏರಿಸಿದ್ದು. 2023ರ ಚುನಾವಣೆಯಲ್ಲಿ ನಮ್ಮ ಊರಲ್ಲಿ ಕವರ್ ಹಂಚಿದವರು ಇದೇ ಪಂಚಾಯಿತಿ ಸದಸ್ಯರು. ಆ ಕವರಿನ ಲೆಕ್ಕ ಯಾವ ಮಿತಿಯಲ್ಲೂ ಬಂದಿರಲಿಕ್ಕಿಲ್ಲ. ಮೇಲಿನವರಿಗೆ ಕೆಳಗಿನವರು ಬೇಕು, ಕೆಳಗಿನವರಿಗೆ ಸಾಲ ತೀರಿಸಲು ಫೋಟೊ ಬೇಕು, ಫೋಟೊಕ್ಕೆ ದೊಡ್ಡವ್ವನ ಬೋರಮಾಳ ಬೇಕು.

ಹಾಗಾದರೆ ಏನು ಮಾಡಬೇಕು? ಜನ ವೋಟಿಗೆ ದುಡ್ಡು ತಗೋಬಾರದು ಅಂತ ಹೇಳುವುದು ಸುಲಭ. ತಗಡಿನ ಶೆಡ್ಡಿನಲ್ಲಿ ಮಲಗಿದವರಿಗೆ ಅದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನು ಹೇಳುವುದು, ತಗೊಂಡಿದ್ದರೂ ಕೇಳಿ. ದುಡ್ಡು ತಗೊಂಡದ್ದು ತಪ್ಪೇ, ಆದರೆ ಆ ತಪ್ಪಿಗೆ ನಿಮ್ಮ ಮನೆಯ ಕಂತು ದಂಡ ಅಲ್ಲ. ಇನ್ನು ಸರ್ಕಾರ ಮಾಡಬೇಕಾದದ್ದು ಬಹಳ ಸಣ್ಣದು. ಫೋಟೊ ಹಾಕುವ ಅಧಿಕಾರ ಮನೆಯವರಿಗೇ ಕೊಡಲಿ, ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಫಲಾನುಭವಿಯೇ ಫೋಟೊ ಹಾಕಬಹುದಾದ ಆ್ಯಪ್ ಇದೆಯಲ್ಲ. ಅಧಿಕಾರಿ ಇಷ್ಟು ದಿನದಲ್ಲಿ ಬಂದು ನೋಡಲಿಲ್ಲ ಅಂದರೆ ಅದು ತಾನಾಗಿ ಒಪ್ಪಿಗೆ ಆದಂತೆ ಆಗಲಿ. ತಾರೀಕಿನ ಪಟ್ಟಿಗೆ ನಾನು ನಾಲ್ಕು ತಿಂಗಳು ಓಡಾಡಬಾರದಿತ್ತು, ಅದು ತಿಂಗಳಿಗೊಮ್ಮೆ ತಾನಾಗಿ ಗೋಡೆ ಮೇಲೆ ಬರಬೇಕು. ಲಂಚ ಕೊಟ್ಟು ಒದ್ದಾಡುವವರಿಗೆ ಏಳು ದಿನ ಸಾಲದು, ಅದನ್ನು ಬೆಳೆಸಬೇಕು.

ಕಾಕಾ ಆಮೇಲೆ ಒಂದು ದಿನ ಅಂಗಡಿಗೆ ಬಂದ. ಎರಡು ವರ್ಷ ಮಾತು ಬಿಟ್ಟಿದ್ದವನು. ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬಬೇಕಿತ್ತು. ತುಂಬಿ ಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ, "ಆ ಪಟ್ಟಿ ಇನ್ನೂ ಐತೇನು?" ಇದೆ ಅಂದೆ. "ಅದರಾಗ ತಗೊಂಡದ್ದು ಅಷ್ಟ ಐತಿ. ನಾ ಮ್ಯಾಲ ಎಷ್ಟು ಕೊಟ್ಟೇನಿ, ಯಾರಿಗಿ ಕೊಟ್ಟೇನಿ, ಅದಕ್ಕೊಂದು ಕಾಲಂ ಹಾಕಲಿಲ್ಲ ನೀ."

ಹಾಕುತ್ತೇನೆ ಕಾಕಾ, ನೀವೇ ಬರೆಯಿರಿ ಅಂತ ಕುರ್ಚಿ ಎಳೆದೆ. ಸ್ವಲ್ಪ ಹೊತ್ತು ನಿಂತ. ಸಾಲ ಇನ್ನೂ ಎರಡು ಲಕ್ಷ ಇದೆ ಅಂದ. ಇವತ್ತಲ್ಲ ಅಂತ ಹೇಳಿ ಹೋದ. ಅವನು ಹೋದ ಮೇಲೆ ಪಟ್ಟಿಯ ಫೈಲ್ ತೆಗೆದು ಬಲಗಡೆಗೆ ಒಂದು ಖಾಲಿ ಕಾಲಂ ಸೇರಿಸಿ ಒಂದು ಪ್ರಿಂಟ್ ತೆಗೆದಿಟ್ಟಿದ್ದೇನೆ. ಅದು ಟೇಬಲ್ಲಿನ ಗಾಜಿನ ಕೆಳಗಿದೆ, ಪಕ್ಕದಲ್ಲಿ ಒಂದು ಪೆನ್ಸಿಲೂ ಇದೆ.